ನಿಮಗೆ ಸೇರದ ವೈನ್ ಯಾವುದು?

ವೈನ್ ಕುರಿತು ಕನ್ನಡದಲ್ಲಿ ಬರೆಯತೊಡಗಿದ ಮೇಲೆ ನನಗೆ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ. ದಾವಣಗೆರೆಯ ಮದುವೆಮನೆಗಳಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು, ಚಿತ್ರದುರ್ಗದಿಂದ ಫೋನ್ ಮಾಡುವ ಓದುಗರು, ಎಲ್ಲರೂ ಕೇಳುವುದು ಇದನ್ನೇ: "ಎಲ್ಲಾ ದೇಶದ ವೈನೂ ಚೆನ್ನಾಗೈತಿ ಅಂತ ಬರೀತೀರಲ್ರಿ, ನಿಮಗೆ ಸೇರದಿರೋದು ಯಾವುದೂ ಇಲ್ಲೇನ್ರಿ?"

ಇದೆ, ಮತ್ತು ಒಂದಕ್ಕಿಂತ ಹೆಚ್ಚೇ ಇವೆ. ಹುಳಿ ಹಿಂದೆ ಸರಿದು ಆಲ್ಕೋಹಾಲಿನ ಘಾಟು, ಮರದ ವಾಸನೆ ಅಥವಾ ಸಿಹಿ ಮುಂದೆ ಬಂದು ನಿಂತ ವೈನ್, ಅದು ಎಷ್ಟೇ ಹೆಸರುವಾಸಿ ಪ್ರದೇಶದ್ದಾಗಿರಲಿ, ನನಗೆ ಒಗ್ಗುವುದಿಲ್ಲ. ಹುಣಸೆಹಣ್ಣು, ಮಜ್ಜಿಗೆ, ಹಸಿಮೆಣಸಿನಕಾಯಿಗಳ ಅಡುಗೆಯಲ್ಲಿ ಬೆಳೆದ ನಾಲಿಗೆ ನನ್ನದು. ವೈನಿನ ಜೀವ ಹುಳಿಯಲ್ಲಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಒಂದು ಮಾತನ್ನು ಬಿಡಿಸಿ ಹೇಳಬೇಕು. ಕೆಟ್ಟುಹೋದ ವೈನ್ ಬೇರೆ, ನನಗೆ ಸೇರದ ವೈನ್ ಬೇರೆ. ಕಾರ್ಕಿನಿಂದ ಟಿ.ಸಿ.ಎ. ಎಂಬ ರಾಸಾಯನಿಕ ತಗುಲಿದ ವೈನ್ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ, ಅದು ಯಾರಿಗೂ ಸೇರಬೇಕಾಗಿಲ್ಲ. ನಮ್ಮ ಬಯಲುಸೀಮೆಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಬಿಸಿಲು. ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಮೇಲಿನ ಶೆಲ್ಫಿನಿಂದ ಬಾಟಲಿಯೊಂದನ್ನು ಇಳಿಸಿಕೊಂಡಾಗ ಅದರ ಕುತ್ತಿಗೆಯನ್ನು ನೋಡಬೇಕು. ಕಾರ್ಕ್ ಬಾಯಿಯ ಮಟ್ಟ ಮೀರಿ ಉಬ್ಬಿದ್ದರೆ, ಹೊದಿಕೆಯ ಅಂಚಿನಲ್ಲಿ ಬೆರಳಿಗೆ ಅಂಟಂಟಾಗುವ ಕಲೆ ಸಿಕ್ಕರೆ, ವೈನ್ ಕಾವಿಗೆ ಹಿಗ್ಗಿ ಹೊರಗೆ ಜಿನುಗಿರುವ ಸಾಧ್ಯತೆ ಹೆಚ್ಚು. ಅಂಥ ಬಾಟಲಿಯನ್ನು ಕುಡಿದು ಆ ಪ್ರದೇಶವೇ ಸರಿಯಿಲ್ಲ ಎನ್ನುವುದು ಅನ್ಯಾಯ. ನಾನು ಇಲ್ಲಿ ಹೇಳಹೊರಟಿರುವುದು ಕೆಡದ, ಚೆನ್ನಾಗಿಯೇ ತಯಾರಾದ, ಆದರೂ ನನಗೆ ಸೇರದ ವೈನುಗಳ ವಿಚಾರ.

ಪಟ್ಟಿಯಲ್ಲಿ ಮೊದಲು ಬರುವುದು ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ ಶಿರಾಜ್ ದ್ರಾಕ್ಷಿಯಿಂದ ಮಾಡುವ ಕೆಂಪು ವೈನ್. ದ್ರಾಕ್ಷಿಯ ಹುಳಿ ಮುಖ್ಯವಾಗಿ ಎರಡು ಆಮ್ಲಗಳಿಂದ ಬರುತ್ತದೆ, ಒಂದು ಟಾರ್ಟಾರಿಕ್, ಇನ್ನೊಂದು ಮ್ಯಾಲಿಕ್. ಹಣ್ಣು ಮಾಗುವಾಗ ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಬಳಸಿಕೊಳ್ಳುತ್ತದೆ. ಕಾವು ಹೆಚ್ಚಿದಷ್ಟೂ, ರಾತ್ರಿಯೂ ತಣಿಯದೆ ಹೋದಷ್ಟೂ ಆ ಬಳಕೆ ಏರುತ್ತದೆ. ಅದೇ ಹೊತ್ತಿಗೆ ಸಕ್ಕರೆಯೂ ಏರುತ್ತದೆ, ಯೀಸ್ಟ್ ಆ ಸಕ್ಕರೆಯನ್ನೆಲ್ಲ ಆಲ್ಕೋಹಾಲಾಗಿ ಪರಿವರ್ತಿಸುತ್ತದೆ. ಹೀಗಾಗಿ ಬಿಸಿ ಪ್ರದೇಶದಲ್ಲಿ ಚೆನ್ನಾಗಿ ಮಾಗಿಸಿ ಕೊಯ್ದ ಶಿರಾಜ್‌ನಲ್ಲಿ ಆಲ್ಕೋಹಾಲ್ ಶೇ. 14.5, ಕೆಲವೊಮ್ಮೆ ಶೇ. 15 ದಾಟುವುದು ಸಾಮಾನ್ಯ. ಅಲ್ಲಿಯ ಬಳ್ಳಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಯುರೋಪಿನ ದ್ರಾಕ್ಷಿ ತೋಟಗಳನ್ನು ನೆಲಸಮ ಮಾಡಿದ ಫಿಲಾಕ್ಸೆರಾ ಕೀಟ ದಕ್ಷಿಣ ಆಸ್ಟ್ರೇಲಿಯಾವನ್ನು ಮುಟ್ಟದ ಕಾರಣ, 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಬರೋಸಾದಲ್ಲಿ ಇಂದಿಗೂ ಹಣ್ಣು ಕೊಡುತ್ತಿವೆ. ಅಷ್ಟು ಹಳೆಯ ಬಳ್ಳಿಯ ಹಣ್ಣು ಎಂಬ ಅರಿವಿನಿಂದಲೇ ಪ್ರತಿ ಸಲ ಲೋಟ ಎತ್ತುತ್ತೇನೆ. ಎರಡನೇ ಗುಟುಕಿನ ಹೊತ್ತಿಗೆ ಗಂಟಲಲ್ಲಿ ಬಿಸಿ ಏಳುತ್ತದೆ, ಹಣ್ಣು ಮುರಬ್ಬದ ಕಡೆಗೆ ವಾಲುತ್ತದೆ, ಅಲ್ಲಿಗೆ ನನಗೆ ಸಾಕಾಗುತ್ತದೆ.

ಇದಕ್ಕೆ ನಮ್ಮ ಊಟವೂ ಒಂದು ಕಾರಣ. ದಾವಣಗೆರೆಯಲ್ಲಿ ಸಂಜೆಯ ತಿಂಡಿಯೆಂದರೆ ಮಂಡಕ್ಕಿ-ಮಿರ್ಚಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಆಲ್ಕೋಹಾಲ್ ಎರಡೂ ಬಾಯಿಯಲ್ಲಿ ಬಿಸಿಯನ್ನು ಗ್ರಹಿಸುವ ಒಂದೇ ನರಗ್ರಾಹಕವನ್ನು ಕೆರಳಿಸುತ್ತವೆ. ಒಂದರ ಉರಿಯನ್ನು ಇನ್ನೊಂದು ಹೆಚ್ಚಿಸುತ್ತದೆ, ಕೆಂಪು ವೈನಿನ ಒಗರು ಅದರ ಮೇಲೆ ಮತ್ತಷ್ಟು ಒರಟಾಗಿ ಕೂರುತ್ತದೆ. ಅದೇ ಮಿರ್ಚಿಯ ಜೊತೆಗೆ ಜರ್ಮನಿಯ ಮೋಸೆಲ್ ಕಣಿವೆಯ ಕಾಬಿನೆಟ್ ದರ್ಜೆಯ ರೀಸ್ಲಿಂಗ್ ಎಂಬ ಬಿಳಿ ವೈನ್ ಇಟ್ಟು ನೋಡಿ. ಆಲ್ಕೋಹಾಲ್ ಶೇ. 8-9ರ ಆಸುಪಾಸು, ತೆಳುವಾದ ಸಿಹಿ, ಅದನ್ನು ಹಿಡಿದು ನಿಲ್ಲಿಸುವ ಚುರುಕಾದ ಹುಳಿ. ಉರಿ ಇಳಿಯುತ್ತದೆ, ಕೈ ತಾನಾಗಿ ಇನ್ನೊಂದು ಮಿರ್ಚಿಗೆ ಹೋಗುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕೊಡುವ ಪದ್ಧತಿಯೂ ಬಿಸಿ ಪ್ರದೇಶದ ವೈನಿಗೆ ದ್ರೋಹ ಬಗೆಯುತ್ತದೆ. ಯುರೋಪಿನಲ್ಲಿ ಆ ಮಾತು ಹುಟ್ಟಿದ್ದು 16ರಿಂದ 18 ಡಿಗ್ರಿಯ ಕೋಣೆಗಳಲ್ಲಿ, 35 ಡಿಗ್ರಿಯ ನಮ್ಮ ನಡುಮನೆಯಲ್ಲಿ ಅಲ್ಲ. ಬರೋಸಾದ ಬಾಟಲಿ ಮುಂದೆ ಬಂದಾಗ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯುತ್ತೇನೆ. ಆಗ ಒಂದು ಲೋಟದಷ್ಟು ಸಂಬಂಧ ಉಳಿಯುತ್ತದೆ.

ಇಟಲಿಯ ವೆರೋನಾ ಬಳಿಯ ಅಮರೋನೆ ಎಂಬ ಕೆಂಪು ವೈನ್ ಕೂಡ ಇದೇ ಸಾಲಿಗೆ ಸೇರಿದ್ದು. ಕೊಯ್ದ ಗೊಂಚಲುಗಳನ್ನು ಮೂರು-ನಾಲ್ಕು ತಿಂಗಳು ಗಾಳಿಯಾಡುವ ಅಟ್ಟಗಳಲ್ಲಿ ಒಣಗಲು ಬಿಟ್ಟು, ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದ ಮೇಲೆ ಹಿಂಡುತ್ತಾರೆ. ಅಷ್ಟು ಶ್ರಮದಿಂದ ಸಾಂದ್ರವಾದ ವೈನ್ ನನಗೆ ಊಟದ ಜೊತೆಗಿರಲಿ, ಊಟದ ನಂತರವೂ ಭಾರ. ಅದೇ ಕೊರ್ವಿನಾ ದ್ರಾಕ್ಷಿಯನ್ನು ಒಣಗಿಸದೆ ಮಾಡಿದ ಸರಳ ವಾಲ್ಪೋಲಿಚೆಲ್ಲಾ ನನಗೆ ಪ್ರಿಯವಾದದ್ದು.

ಬೆಣ್ಣೆದೋಸೆಯ ಊರಿನವರಾಗಿ ಬೆಣ್ಣೆಯ ಪರಿಮಳದ, ಶಾರ್ಡನೇ ತಳಿಯ ಬಿಳಿ ವೈನ್ ಹೇಗೆ ಬೇಡವಾಗುತ್ತದೆ ಎಂದೂ ಹಲವರು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಅನೇಕ ಶಾರ್ಡನೇಗಳಲ್ಲಿ ಬ್ಯಾಕ್ಟೀರಿಯಾಗಳು ಚುರುಕಾದ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲಕ್ಕೆ ತಿರುಗಿಸುತ್ತವೆ. ಆಗ ಹುಟ್ಟುವ ಡಯಾಸಿಟೈಲ್ ಎಂಬ ವಸ್ತುವೇ ಬೆಣ್ಣೆಯ ವಾಸನೆಗೆ ಮೂಲ. ಅಂದರೆ ಬೆಣ್ಣೆ ಬರುವ ದಾರಿಯಲ್ಲೇ ಹುಳಿ ಹೊರಟುಹೋಗಿರುತ್ತದೆ. ಹೊಸ ಓಕ್ ಪೀಪಾಯಿಯ ವೆನಿಲಾ, ಅಮೆರಿಕದ ಓಕ್ ಆದರೆ ಕೊಬ್ಬರಿಯ ವಾಸನೆ ಅದಕ್ಕೆ ಸೇರುತ್ತದೆ. ನಮ್ಮ ದೋಸೆಯ ಮೇಲೆ ಬೆಣ್ಣೆ ಎಷ್ಟೇ ಸುರಿಯಲಿ, ಕೆಳಗೆ ಹುಳಿಬಂದ ಹಿಟ್ಟಿದೆ, ಪಕ್ಕದಲ್ಲಿ ಖಾರದ ಚಟ್ನಿ ಇದೆ. ಆ ವೈನಿನಲ್ಲಿ ಬೆಣ್ಣೆಯನ್ನು ಎದುರಿಸುವ ಯಾವುದೂ ಉಳಿದಿರುವುದಿಲ್ಲ. ಅದೇ ತಳಿ ಫ್ರಾನ್ಸಿನ ಶಾಬ್ಲಿಯ ಸುಣ್ಣಕಲ್ಲಿನ ನೆಲದಲ್ಲಿ, ತಂಪಿನಲ್ಲಿ ಬೆಳೆದು, ಬಹುಪಾಲು ಉಕ್ಕಿನ ತೊಟ್ಟಿಗಳಲ್ಲೇ ತಯಾರಾಗಿ ಬಂದಾಗ ನಾನು ಸಂತೋಷದಿಂದ ಕುಡಿಯುತ್ತೇನೆ.

ನನ್ನ ರುಚಿಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಸ್ಪೇನಿನ ಹೆರೆಸ್ ಪ್ರದೇಶದ ಫಿನೋ ಶೆರ್ರಿ. ಅಲ್ಲಿ ಪಾಲೋಮಿನೋ ದ್ರಾಕ್ಷಿಯ ವೈನಿಗೆ ಮದ್ಯಸಾರ ಸೇರಿಸಿ ಶೇ. 15ಕ್ಕೆ ಏರಿಸುತ್ತಾರೆ, ಪೀಪಾಯಿಯನ್ನು ಪೂರ್ತಿ ತುಂಬಿಸದೆ ಬಿಡುತ್ತಾರೆ. ವೈನಿನ ಮೇಲೆ ಯೀಸ್ಟಿನ ಬಿಳಿಯ ಕೆನೆಪದರವೊಂದು ಕಟ್ಟುತ್ತದೆ, ಅದಕ್ಕೆ ಫ್ಲೋರ್ ಎನ್ನುತ್ತಾರೆ. ಅದು ಗಾಳಿಯನ್ನು ತಡೆಯುತ್ತದೆ, ವೈನಿಗೆ ಮೈ ಕೊಡುವ ಗ್ಲಿಸರಾಲನ್ನು ತಿಂದುಹಾಕುತ್ತದೆ, ಅಸಿಟಾಲ್ಡಿಹೈಡನ್ನು ಬಿಡುತ್ತದೆ. ಹಸಿ ಬಾದಾಮಿ, ಪೆಟ್ಟುಬಿದ್ದ ಸೇಬಿನ ವಾಸನೆ ಬರುವುದು ಅದರಿಂದಲೇ. ಬಲ್ಲವರು ಇದನ್ನು ಕೊಂಡಾಡುತ್ತಾರೆ, ನನಗೆ ಒಣಗಿ ಬೋಳಾದಂತೆ ತೋರುತ್ತದೆ. ಬಹುಕಾಲ ಆ ವಾಸನೆಯೇ ನನಗೆ ಆಗದೆಂದು ಭಾವಿಸಿಕೊಂಡಿದ್ದೆ, ಪೂರ್ವ ಫ್ರಾನ್ಸಿನ ಜುರಾ ಪ್ರದೇಶದ ವ್ಯಾಂ ಜೋನ್ ಕುಡಿಯುವವರೆಗೆ. ಅಲ್ಲಿಯೂ ಯೀಸ್ಟಿನ ಪದರದ ಕೆಳಗೇ ವೈನ್ ಮಾಗುತ್ತದೆ, ಆದರೆ ಮದ್ಯಸಾರ ಬೆರೆಸುವುದಿಲ್ಲ. ಕಡಿಮೆಯೆಂದರೆ ಆರು ವರ್ಷ ಮೂರು ತಿಂಗಳಾದ ಮೇಲೆ ಅದನ್ನು ಕ್ಲಾವೆಲಾಂ ಎಂಬ 62 ಸೆಂಟಿಲೀಟರಿನ ಕುಳ್ಳ ಬಾಟಲಿಗೆ ತುಂಬುತ್ತಾರೆ. ಒಂದು ಲೀಟರಿನಲ್ಲಿ ಆವಿಯಾಗಿ ಉಳಿಯುವುದು ಅಷ್ಟೇ ಎಂಬುದು ಅಲ್ಲಿಯ ಲೆಕ್ಕ. ಅದೇ ಬಗೆಯ ಬಾದಾಮಿ, ಅದೇ ಸೇಬು, ಆಲ್ಕೋಹಾಲ್ ಕೂಡ ಕಡಿಮೆಯೇನಲ್ಲ, ಆದರೂ ಮನಸ್ಸು ತುಂಬಿತು. ಜುರಾದ ಸವಾನ್ಯಾಂ ದ್ರಾಕ್ಷಿ ಸ್ವಭಾವತಃ ಹುಳಿ ಹೆಚ್ಚಿರುವ ತಳಿ, ಹೆರೆಸಿನ ಪಾಲೋಮಿನೋ ಹುಳಿ ಕಡಿಮೆಯ ತಳಿ. ನನ್ನ ಮಟ್ಟಿಗೆ ವ್ಯತ್ಯಾಸ ಅಷ್ಟೇ.

ಫ್ರಾನ್ಸಿನ ಅಲ್ಸಾಸ್ ಪ್ರದೇಶದ ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುಲಾಬಿ, ಲಿಚಿಯ ದಟ್ಟ ಪರಿಮಳ, ಏರಿದ ಆಲ್ಕೋಹಾಲ್, ಇಳಿದ ಹುಳಿ. ಮೂಸಿ ನೋಡಲು ಸೊಗಸು, ಕುಡಿಯಲು ನನ್ನಿಂದಾಗದು.

ನಮ್ಮ ನಾಡಿನದೇ ವೈನಿನ ಬಗ್ಗೆ ಹೇಳುವಾಗ ಮನಸ್ಸು ಭಾರವಾಗುತ್ತದೆ, ಆದರೂ ಹೇಳಬೇಕು. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡುವ ಅಗ್ಗದ ಸಿಹಿ ಕೆಂಪು ವೈನ್ ನನಗೆ ಸೇರುವುದಿಲ್ಲ. ಭೌಗೋಳಿಕ ಗುರುತು ಪಡೆದಿರುವ ಈ ಹಣ್ಣು ಅಮೆರಿಕ ಮೂಲದ ಲ್ಯಾಬ್ರುಸ್ಕಾ ಬಳಗದ್ದು. ಹಾಗೆಯೇ ತಿನ್ನಲು, ರಸ ಹಿಂಡಲು ನನಗೆ ಇದರಷ್ಟು ಇಷ್ಟವಾದ ದ್ರಾಕ್ಷಿ ಇನ್ನೊಂದಿಲ್ಲ. ಆದರೆ ಆ ಬಳಗದ ಗಾಢ ಪರಿಮಳ ವೈನಾದ ಮೇಲೂ ಹಾಗೆಯೇ ಉಳಿದು, ಮೇಲೆ ಸಕ್ಕರೆಯೂ ಸೇರಿದಾಗ ಬೇರೆ ಯಾವುದಕ್ಕೂ ಜಾಗ ಇರುವುದಿಲ್ಲ. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಬೆಳೆಗಾರರಿಗೆ ಈ ವೈನ್ ಒಂದು ಮಾರುಕಟ್ಟೆ ಎಂಬುದನ್ನು ನಾನು ಮರೆತಿಲ್ಲ, ಅದು ಉಳಿಯಬೇಕು ಎಂದೇ ಬಯಸುತ್ತೇನೆ. ಬೆಂಗಳೂರಿನ ಉತ್ತರಕ್ಕಿರುವ ನಂದಿ ಬೆಟ್ಟದ ತಪ್ಪಲಲ್ಲಿ ಎತ್ತರದಿಂದಾಗಿ ರಾತ್ರಿಗಳು ತಣ್ಣಗಿರುತ್ತವೆ. ದಶಕಗಳಿಂದ ಅಲ್ಲಿ ವೈನ್ ತಯಾರಿಸುತ್ತಿರುವ ಗ್ರೋವರ್ ಸಂಸ್ಥೆಯ ಫ್ರೆಂಚ್ ತಳಿಗಳ ವೈನುಗಳನ್ನು ನಾನು ಮನೆಗೆ ಬಂದವರಿಗೆ ಹೆಮ್ಮೆಯಿಂದ ಕೊಡುತ್ತೇನೆ.

ಹುಳಿಯೊಂದೇ ಅಳತೆಗೋಲಾಗಿದ್ದರೆ ನ್ಯೂಜಿಲೆಂಡಿನ ಮಾರ್ಲ್‌ಬರೋ ಪ್ರದೇಶದ ಸೊವಿನ್ಯೋಂ ಬ್ಲಾಂ ಎಂಬ ಬಿಳಿ ವೈನ್ ನನಗೆ ಇಷ್ಟವಾಗಲೇಬೇಕಿತ್ತು. ಹುಳಿ ಅದರಲ್ಲಿ ಧಾರಾಳವಾಗಿದೆ, ಮರದ ಸುಳಿವಿಲ್ಲ. ಆದರೆ ಪೈರಜೀನ್‌ಗಳೆಂಬ ವಸ್ತುಗಳಿಂದ ಬರುವ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಮತ್ತು ಪ್ಯಾಶನ್ ಹಣ್ಣಿನ ಅಬ್ಬರ ಎರಡೂ ಏಕಕಾಲಕ್ಕೆ ಮೇಲೆರಗುತ್ತವೆ. ಅರ್ಧ ಲೋಟಕ್ಕೇ ದಣಿವಾಗುತ್ತದೆ. ಅದೇ ದ್ರಾಕ್ಷಿಯಿಂದ ಫ್ರಾನ್ಸಿನ ಲುವಾರ್ ನದಿಯ ದಂಡೆಯಲ್ಲಿ ತಯಾರಾಗುವ ಸಾನ್ಸೇರ್ ಇಟ್ಟರೆ ಬಾಟಲಿ ಮುಗಿದದ್ದೇ ತಿಳಿಯುವುದಿಲ್ಲ. ಆದ್ದರಿಂದ ಮಾರ್ಲ್‌ಬರೋವನ್ನು ನನಗೆ ಸೇರದವುಗಳ ಪಟ್ಟಿಯಲ್ಲೇ ಬರೆದುಕೊಳ್ಳಿ, ಹುಳಿಯ ಕಾರಣಕ್ಕಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿ.