ಮನೆಯಲ್ಲಿ ಎರಡು ಭಾಷೆ ಆಡಿದರೆ ಮಗುವಿಗೆ ಮಾತು ತಡ ಆಗುತ್ತಾ?

ವಿರಾಜಪೇಟೆ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಫೋನಿನಲ್ಲಿ, ನನ್ನನ್ನು ಎಲ್ಲರೂ ಕೇಳುವುದು ಇದನ್ನೇ. "ನಿಮ್ಮ ಮಗನೂ ತಡವಾಗಿ ಮಾತಾಡಿದ್ದಲ್ವಾ? ನಮ್ಮ ಪಾಪುಗೆ ಎರಡು ತುಂಬಿತು, 'ಅಮ್ಮ' ಬಿಟ್ಟರೆ ಬೇರೆ ಮಾತಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಕನ್ನಡ ಎರಡೂ ಇದೆ. ಒಂದನ್ನು ನಿಲ್ಲಿಸಿಬಿಡೋಣವಾ?"

ನಿಲ್ಲಿಸಬೇಡಿ. ಎರಡು ಭಾಷೆ ಕಿವಿಗೆ ಬಿತ್ತು ಅಂತ ಮಗುವಿನ ಮಾತು ತಡವಾಗುವುದಿಲ್ಲ. ನಮಗೂ ಹೀಗೇ ಯಾರೋ ಹೇಳಿ, ಅತ್ತೆ ಎರಡು ತಿಂಗಳು ಮೊಮ್ಮಗನ ಹತ್ತಿರ ತಡವರಿಸುತ್ತ ಕನ್ನಡ ಆಡಿದರು, ಮಲಗಿಸುವಾಗ ಹೇಳುತ್ತಿದ್ದ ಹಾಡೂ ನಿಂತುಹೋಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಜ್ಜಿ ಹತ್ತಿರ "ಪಾಲ್", ನನ್ನ ಹತ್ತಿರ "ಹಾಲು" ಅಂದರೆ ಅದು ಎರಡು ಪದ. ಎರಡೂ ಭಾಷೆ ಸೇರಿಸಿಯೇ ಎಣಿಸಬೇಕು. ಎರಡು ವರ್ಷಕ್ಕೆ ಸುಮಾರು 50 ಪದ, "ಅಪ್ಪ ಬಾ" ಥರ ಜೋಡಿ ಮಾತು ಬರಬೇಕು. ಬಂದಿಲ್ಲವಾ? ಮೊದಲು ಕಿವಿ ತೋರಿಸಿ.

ಕುಕ್ಕರ್ ಕೂಗಿದರೆ ತಿರುಗುತ್ತಾನೆ, ಕಿವಿ ಸರಿಯಿದೆ ಅಂತಲೇ ನಾನು ಅಂದುಕೊಂಡಿದ್ದೆ. ನಮ್ಮ ಕೊಡಗಿನ ಮಳೆ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವನಿಗೆ ಶೀತ ಬಿಟ್ಟಿದ್ದೇ ಇಲ್ಲ. ಶೀತ ಬಂದು ಕಿವಿ ತಮಟೆಯ ಹಿಂದೆ ನೀರು ಕಟ್ಟಿದರೆ ದೊಡ್ಡ ಸದ್ದು ಕೇಳುತ್ತದೆ, ಮಾತಿನ ಮೆಲು ಸದ್ದು ಮಸುಕಾಗುತ್ತದೆ, ಎಷ್ಟೋ ಸಲ ನೋವೂ ಇರುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. "ಗಂಡು ಹುಡುಗ ತಡವೇ, ಮೂರು ವರ್ಷ ಆಗಲಿ" ಅನ್ನುವವರ ಮಾತು ಕೇಳಿ ನಾನು ಏಳು ತಿಂಗಳು ಕಳೆದೆ. ನೀವು ಕಳೆಯಬೇಡಿ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದೂ ಬೇಡ. ಹೆಸರು ಕರೆದರೆ ತಿರುಗದ, ಬೆರಳು ಮಾಡಿ ತೋರಿಸದ, ಬಂದಿದ್ದ ಮಾತೂ ಬಿಟ್ಟುಹೋದ ಮಗುವನ್ನಂತೂ ಕೂಡಲೇ ಕರೆದುಕೊಂಡು ಹೋಗಿ.

ಮನೆಯಲ್ಲಿ? ಟಿವಿ, ಮೊಬೈಲ್ ಆರಿಸಿ. "ಹೇಳು, ಹೇಳು" ಅಂತ ಪೀಡಿಸಬೇಡಿ, ಮಗು ಇನ್ನೂ ಬಾಯಿ ಮುಚ್ಚಿಕೊಳ್ಳುತ್ತದೆ. ಅದು ಏನು ನೋಡುತ್ತಿದೆಯೋ ಅದರ ಹೆಸರು ಹೇಳಿ, ಆಮೇಲೆ ಸುಮ್ನೆ ಇರಿ. ಈ ಸುಮ್ನೆ ಇರುವುದೇ ಕಷ್ಟ. ಕಾಫಿ ಕೊಯ್ಲಿನ ಹೊತ್ತು, ಕಣದಲ್ಲಿ ಒಣಹಾಕಿದ ಹಣ್ಣಿನ ನಡುವೆ ಕೂತು ಮಗ ಒಂದು ಕೆಂಪು ಹಣ್ಣನ್ನು ಹಿಸುಕುತ್ತಿದ್ದ. ಪಕ್ಕ ಕೂತು "ಕಾಫಿ" ಅಂದೆ. ಮನಸ್ಸಿನಲ್ಲೇ ಹತ್ತು ಎಣಿಸಿದೆ. ಹಣ್ಣಿನಿಂದ ಬೀಜ ಜಾರಿ ಬಿತ್ತು, ಅವನು ನನ್ನ ಮುಖ ನೋಡಿ "ಕಾ" ಅಂದ. ತಿದ್ದಲಿಲ್ಲ. "ಹೌದು, ಕಾಫಿ ಬಿತ್ತು" ಅಂದೆ. ಹೀಗೆ ಮಗು ಒಂದು ಹೇಳಿದರೆ ನೀವು ಎರಡು ಸೇರಿಸಿ ಹೇಳಬೇಕು, ಅಷ್ಟೇ, ಜಾಸ್ತಿ ಬೇಡ. ಹಣ್ಣು ಕೊಡುವಾಗ "ಕಿತ್ತಳೆ ಬೇಕಾ, ಬಾಳೆಹಣ್ಣು ಬೇಕಾ?" ಅಂತ ಎರಡನ್ನೂ ತೋರಿಸಿ ಕಾಯಿರಿ. ಕೈ ಚಾಚಿದರೂ ಅದು ಉತ್ತರವೇ, ಕೊಟ್ಟುಬಿಡಿ, ಕೊಡುವಾಗ ಹೆಸರು ಹೇಳಿ.

ಮೈಸೂರಿಗೆ ಹೊರಡುವ ಮೊದಲು ಮಗು ಆಡುವ ಪದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅಜ್ಜಿಯನ್ನೂ ಕೇಳಿ ಬರೆಯಿರಿ. ನನ್ನ ಪಟ್ಟಿಯಲ್ಲಿ ಇಲ್ಲದ ನಾಲ್ಕು ಪದ ಅತ್ತೆಗೆ ಗೊತ್ತಿದ್ದವು.