‘ನಾನ್ಯಾರು ಹೇಳು ನೋಡೋಣ’ ಅಂತ ಫೋನ್ ಬಂದ್ರೆ

ನಾನಿರೋ ಸಿಂಗಾಪುರದಲ್ಲಿ ಪೊಲೀಸ್ರು ಈ ಮೋಸಕ್ಕೆ ‘ಫೇಕ್ ಫ್ರೆಂಡ್ ಕಾಲ್’ ಅಂತ ಹೆಸರೇ ಇಟ್ಟಿದಾರೆ, ಅಷ್ಟು ಕಾಮನ್. ಎಷ್ಟ್ ಸಲ ಓದಿದ್ರೂ ನಾವೆಲ್ಲಿ ಬೀಳ್ತೀವಿ ಬಿಡು ಅನ್ನೋ ಕೊಬ್ಬು ನಂಗೆ. ಹೋದ ತಿಂಗ್ಳು ನಂಗೇ ಬಂತು.

ಲಿಫ್ಟ್‌ಗೆ ಕಾಯ್ತಾ ನಿಂತಿದ್ದೆ. ಇಂಗ್ಲಿಷಲ್ಲಿ, ಭಾರೀ ಸಲಿಗೆಯಿಂದ, ನನ್ ವಾಯ್ಸೂ ಮರ್ತೋಯ್ತಾ, ಯಾರು ಹೇಳು ನೋಡೋಣ ಅಂತ. ಆ ಕಡೆಯವನಿಗೆ ಗಂಟಲು ಕಟ್ಟಿದಂಗಿತ್ತು ಬೇರೆ. ಗೊತ್ತಾಗ್ಲಿಲ್ಲ ಅನ್ನಕ್ಕೆ ಸಂಕೋಚ ನೋಡಿ, ಇಲ್ಲೇ ಇರೋ ನಮ್ಮ ಕನ್ನಡದ ಗೆಳೆಯನ ಹೆಸರು ಹೇಳ್ಬಿಟ್ಟೆ. ‘ಹಾಂ, ಅವ್ನೇ!’ ಅಂದ. ಅವನಿಗೆ ಬೇಕಾಗಿದ್ದ ಹೆಸರನ್ನ ನಾನೇ ಎತ್ತಿ ಕೈಗೆ ಕೊಟ್ಟಂಗಾಯ್ತು. ಹೊಸ ನಂಬರ್, ಸೇವ್ ಮಾಡ್ಕೊ, ಹಳೇದು ಡಿಲೀಟ್ ಮಾಡು ಅಂದು ಇಟ್ಟ. ದುಡ್ಡಿನ ಸುದ್ದಿನೇ ಇಲ್ಲ, ಅದೇ ಇವರ ಕೈಚಳಕ.

ಮೂರನೇ ದಿನ ಮತ್ತೆ ಕಾಲ್, ಈಗ ಸ್ಕ್ರೀನ್ ಮೇಲೆ ಗೆಳೆಯನ ಹೆಸರೇ ಬರುತ್ತಲ್ಲ, ಸೇವ್ ಮಾಡಿದ್ದು ನಾನೇ ತಾನೆ. ಬ್ಯಾಂಕ್ ಆಪ್ ಲಾಕ್ ಆಗಿದೆ, ಕಂಟ್ರಾಕ್ಟರ್‌ಗೆ ಅರ್ಜೆಂಟಾಗಿ 1,800 ಡಾಲರ್ ಕೊಡ್ಬೇಕು, ನಾಳೆ ವಾಪಸ್ ಹಾಕ್ತೀನಿ ಅಂತೆಲ್ಲ ಹೇಳ್ದ, ಕಳ್ಸೋ ಅಕೌಂಟ್ ಮಾತ್ರ ಇನ್ಯಾರದೋ ಹೆಸರಲ್ಲಿ. ‘ಲೋ, ಯಾಕೋ ಇಂಗ್ಲಿಷಲ್ಲೇ ಕೊರೀತಿದೀಯಾ?’ ಅಂದೆ. ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ, ಪಕ್ಕದಲ್ಲಿ ಜನ ಇದಾರೆ, ಇಂಗ್ಲಿಷಲ್ಲೇ ಮಾತಾಡು ಅಂದ ಭೂಪ! ಕಟ್ ಮಾಡಿ ಹಳೇ ನಂಬರ್‌ಗೆ ಫೋನ್ ಹಚ್ಚಿದೆ, ಸೋಮಾರಿತನಕ್ಕೆ ಅದನ್ನ ಡಿಲೀಟ್ ಮಾಡಿರ್ಲಿಲ್ಲ, ಪುಣ್ಯಕ್ಕೆ.

ಇಲ್ಲಿ 2020ರಿಂದ ಹೊರದೇಶದ ಕಾಲ್‌ಗೆ ನಂಬರ್ ಮುಂದೆ ಪ್ಲಸ್ ಗುರುತು ಬರುತ್ತೆ, ಲೋಕಲ್ ಕಾಲ್‌ಗೆ ಬರಲ್ಲ. ನಂಗೆ +65 ಅಂತ ಬಂದಿತ್ತು, ಇಲ್ಲಿದೇ ಕೋಡ್ ಅಲ್ವಾ ಅಂತ ಎತ್ತಿದ್ದು, ಎಡವಿದ್ದೇ ಅಲ್ಲಿ. ಹಾಗಂತ ಪ್ಲಸ್ ಇಲ್ಲ ಅಂತ ನಂಬಂಗೂ ಇಲ್ಲ, ಲೋಕಲ್ ಸಿಮ್ ಇಟ್ಕೊಂಡೂ ಆಟ ಆಡ್ತಾರೆ. ಡೌಟ್ ಇದ್ರೆ ಕೇಳಕ್ಕೆ ಇಲ್ಲಿ 1799 ಹೆಲ್ಪ್‌ಲೈನ್ ಇದೆ. ಇಂಡಿಯಾದಲ್ಲಿರೋರು ದುಡ್ಡು ಕಳ್ಸಿಬಿಟ್ಟಿದ್ರೆ ನಾಚ್ಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ಕ್ರೈಮ್ ಹೆಲ್ಪ್‌ಲೈನ್ 1930ಗೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ, ತಡ ಆದಷ್ಟೂ ದುಡ್ಡು ಅಕೌಂಟಿಂದ ಅಕೌಂಟಿಗೆ ಹಾರೋಗುತ್ತೆ.

ಯಾರು ಹೇಳು ಅಂದ್ರೆ ನೀನೇ ಹೇಳಪ್ಪ ಅನ್ನಿ. ಇಲ್ಲಾಂದ್ರೆ ಬಾಯಿಗೆ ಬಂದ ಯಾವ್ದೋ ಹೆಸರು ಹೇಳಿ ನೋಡಿ, ಅದಕ್ಕೂ ಹೂಂ ಅಂತಾರೆ!

ಗೆಳೆಯಂಗೆ ಹೇಳಿದ್ರೆ ಬಿದ್ದು ಬಿದ್ದು ನಕ್ಕ. ಆಮೇಲೆ, ‘ನಿಜವಾಗ್ಲೂ ನಾನೇ ಕೇಳಿದ್ರೆ ಕೊಡ್ತಿದ್ಯೇನೋ?’ ಅಂದ. ಇನ್ನೂ ಉತ್ರ ಕೊಟ್ಟಿಲ್ಲ.