ಸರ್ಟಿಫಿಕೇಟ್ ಕೊಟ್ಟ ಮೇಲಿನ ಮೂರು ತಿಂಗಳು

ಕೌಶಲ ತರಬೇತಿ ಕೇಂದ್ರದ ಹೊಣೆ ಹೊತ್ತವರಿಗೆ ಅಸಲಿ ಕೆಲಸ ಶುರುವಾಗುವುದು ಬ್ಯಾಚ್ ಮುಗಿದ ಮೇಲೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿ ಇದನ್ನು ಆಗಲೇ ಅರಿತಿತ್ತು: ಊಟ-ವಸತಿಯೊಂದಿಗೆ ಉಚಿತ ಅಲ್ಪಾವಧಿ ತರಬೇತಿ, ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲುವುದು. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳೂ ಇದೇ ದಾರಿ ಹಿಡಿದಿವೆ. ಅವುಗಳ ಗುರಿ ಸ್ವಂತ ಉದ್ಯೋಗ. ಹುಡುಗರನ್ನು ಕಂಪನಿ ಕೆಲಸಕ್ಕೆ ಕಳಿಸುವ ಕೇಂದ್ರಗಳಿಗೆ ಈ ಬೆಂಬಲ ಇನ್ನೂ ಹೆಚ್ಚು ಬೇಕು.

ಹುಡುಗರು ಕೆಲಸ ಬಿಟ್ಟು ಊರಿಗೆ ವಾಪಸ್ಸಾಗಲು ಮೊದಲ ಕಾರಣ ಸಂಬಳದ ಲೆಕ್ಕ. ‘ಹದಿನಾಲ್ಕು ಸಾವಿರ’ ಎಂದು ಹೇಳಿ ಕಳಿಸಿರುತ್ತೇವೆ. ಪೂರ್ತಿ ಮೊತ್ತದ ಮೇಲೆ ಪಿಎಫ್ (ಭವಿಷ್ಯ ನಿಧಿ) ಹಿಡಿದರೆ ಶೇ 12ರಂತೆ 1,680 ರೂಪಾಯಿ, ಇಎಸ್ಐ (ನೌಕರರ ವಿಮೆ) ಶೇ 0.75ರಂತೆ 105 ರೂಪಾಯಿ ಹೋಗುತ್ತದೆ. ಕೈಗೆ ಬರುವುದು 12,215. ಅದರಲ್ಲೇ ಹಾಸ್ಟೆಲ್, ಕ್ಯಾಂಟೀನ್, ಬಸ್ ಚಾರ್ಜ್. ಈ ಲೆಕ್ಕವನ್ನು ತರಬೇತಿಯ ಮೊದಲ ವಾರದಲ್ಲೇ ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಲ್ಲೇ ಕೂಡಿ ಕಳೆಯಿಸಬೇಕು. ಕೇಳಿ ಕೆಲವರು ಹಿಂದೆ ಸರಿಯಬಹುದು, ಸರಿಯಲಿ. ಸುಳ್ಳು ಭರವಸೆ ಕೊಟ್ಟು ಬ್ಯಾಚ್ ತುಂಬಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಎರಡನೆಯದು ಮೊದಲ ಸಂಬಳ ಬರುವವರೆಗಿನ ಖರ್ಚು. ತಿಂಗಳ ಮೊದಲ ವಾರ ಸೇರಿದವರಿಗೆ ದುಡ್ಡು ಬರುವುದು ಮುಂದಿನ ತಿಂಗಳ ಏಳರ ಹೊತ್ತಿಗೆ. ರೂಮಿನ ಅಡ್ವಾನ್ಸ್ ಬೇರೆ. ಕಳಿಸುವ ಮುಂಚೆಯೇ ಕಂಪನಿಯ ಎಚ್‌ಆರ್ ಜೊತೆ ಮಾತಾಡಿ ಎರಡನೇ ವಾರಕ್ಕೆ ಸ್ವಲ್ಪ ಮುಂಗಡ ಕೊಡಿಸಿ, ಇಲ್ಲವೇ ಹಾಸ್ಟೆಲ್ ಬಾಡಿಗೆಯನ್ನು ಸಂಬಳವಾದ ಮೇಲೆ ತೆಗೆದುಕೊಳ್ಳಲು ಒಪ್ಪಿಸಿ.

ದಾಖಲೆಗಳ ತಕರಾರು ಸಣ್ಣದೆನಿಸಿದರೂ ಕಾಡುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಮಂಜುನಾಥ’, ಬ್ಯಾಂಕಿನಲ್ಲಿ ಇನ್ನೊಂದು. ಹೀಗಿದ್ದರೆ ಪಿಎಫ್ ಖಾತೆಯ ಕೆವೈಸಿ (ಗುರುತಿನ ಪರಿಶೀಲನೆ) ನಿಂತುಹೋಗುತ್ತದೆ. ದಾಖಲಾತಿ ದಿನವೇ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ತಿದ್ದುಪಡಿಗೆ ತರಬೇತಿ ಅವಧಿಯಲ್ಲೇ ಸಮಯ ಸಿಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ತಾಯಿಯನ್ನೋ ಅಕ್ಕನನ್ನೋ ಒಮ್ಮೆ ಹಾಸ್ಟೆಲ್‌ಗೆ ಕರೆದೊಯ್ದು ಬಾಗಿಲ ಚಿಲಕ, ಶೌಚಾಲಯ, ರಾತ್ರಿ ಪಾಳಿಯ ವಾಹನ ಎಲ್ಲ ತೋರಿಸಿ. ಮನೆಯವರು ಕಣ್ಣಾರೆ ಕಂಡ ಮೇಲೆ ‘ವಾಪಸ್ ಬಾ’ ಎನ್ನುವ ಫೋನ್‌ಗಳು ಕಡಿಮೆಯಾಗುತ್ತವೆ.

ಸೇರಿದ ದಿನ, ಮೂರನೇ ದಿನ, ಮೊದಲ ವಾರದ ಕೊನೆಗೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಬೇಕು. ‘ಹೇಗಿದೀಯಪ್ಪ?’ ಎಂದರೆ ‘ಚೆನ್ನಾಗಿದೀನಿ ಸಾರ್’ ಅಂತಲೇ ಬರುತ್ತದೆ. ‘ನಿನ್ನೆ ರಾತ್ರಿ ಏನು ಊಟ ಮಾಡಿದೆ? ಸೂಪರ್‌ವೈಸರ್ ಹೆಸರೇನು? ರೂಮಲ್ಲಿ ಎಷ್ಟು ಜನ ಇದೀರಿ?’ ಎಂದು ಕೇಳಿ, ಆಗ ಕಷ್ಟ ಹೊರಬರುತ್ತದೆ. ಗೌರಿ-ಗಣೇಶ, ದೀಪಾವಳಿ, ಊರ ಜಾತ್ರೆಗೆ ಮುಂಚೆ ರಜೆಯ ಅರ್ಜಿ ಹಾಕಿಸಿ. ಹೇಳದೆ ಹಬ್ಬಕ್ಕೆ ಹೋದವನು ಬೈಗುಳಕ್ಕೆ ಹೆದರಿಯೇ ಮರಳಿ ಹೋಗದಿರುವುದು ಹೆಚ್ಚು.

ಅಷ್ಟಾದರೂ ಬಿಟ್ಟು ಬಂದವರನ್ನು ಲೆಕ್ಕದಿಂದ ಹೊರಗಿಡಬೇಡಿ. ಬಂದ ವಾರದಲ್ಲೇ ಕರೆಸಿ, ಕಾರಣ ಬರೆದಿಟ್ಟುಕೊಂಡು, ಊರಿಗೆ ಹತ್ತಿರದ ಇನ್ನೊಂದು ಕೆಲಸಕ್ಕೆ ಕಳಿಸಿ.